ಅಕ್ಕನ ಹುಬ್ಬು

ಬೋರ್ಡು ಬರೆಯುವವರಲ್ಲಿ ಒಂದು ರೂಢಿಯಿದೆ. ಕೆಲಸ ಮುಗಿದ ಮೇಲೆ ಬಲಗಡೆಯ ಮೂಲೆಯಲ್ಲಿ ಸಣ್ಣಗೆ ಸಹಿ ಹಾಕುವುದು. ಕಲಬುರಗಿಯ ಎಷ್ಟೋ ಅಂಗಡಿಗಳ ಮೇಲೆ ನನ್ನ ಸಹಿ ಇನ್ನೂ ಧೂಳು ತಿನ್ನುತ್ತಾ ಕೂತಿದೆ. ಹಾಗಾಗಿ, ಹೇಳಿದ್ದನ್ನೆಲ್ಲ ಚಿತ್ರ ಮಾಡಿಕೊಡುವ ಎಐಯನ್ನು ಮಗಳು ನನ್ನ ಫೋನಿಗೆ ಹಾಕಿಕೊಟ್ಟಾಗ ನನಗೆ ಹುಟ್ಟಿದ ಮೊದಲ ಪ್ರಶ್ನೆ, ಇದರಲ್ಲಿ ಬಂದದ್ದಕ್ಕೆ ಸಹಿ ಯಾರದು?

ಪ್ರಶ್ನೆ ಒಂದು ಕಡೆ ಇರಲಿ, ನನಗೆ ಹುಚ್ಚು ಹಿಡಿದದ್ದು ನಿಜ. ಚಿತ್ರದಲ್ಲಿ ನಮ್ಮೂರ ಐವಾನ್-ಎ-ಶಾಹಿ ರಸ್ತೆಯಲ್ಲಿ ಆನೆ ಆಟೊ ಓಡಿಸಿತು. ನನ್ನ ಸ್ಕೂಟರಿಗೆ ರೆಕ್ಕೆ ಬಂತು. ಒಬ್ಬನೇ ಕೂತು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಚಹಾ ಆರಿತು, ಹೆಂಡತಿ ಬೈದಳು, ಯಾವುದೂ ಕಿವಿಗೆ ಬೀಳಲಿಲ್ಲ.

ಆಗಲೇ ಕಮಲಾಪುರದಿಂದ ಅಕ್ಕನ ಫೋನ್. ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವವಳು. ಹೊಸ ಅಂಗಡಿಗೆ ತನ್ನದೇ ಚಿತ್ರದ ಬ್ಯಾನರ್ ಬೇಕಂತೆ. ಅವಳ ಫೋಟೊ ಹಾಕಿ, ಕೆಂಪು ಬಾಳೆಹಣ್ಣು ಎಂದು ಬರೆದೆ. ಮೆಣಸಿನಕಾಯಿಯ ಹಾಗೆ ಬಂದವು. ಅಷ್ಟು ಕೆಂಪಲ್ಲ ಎಂದರೆ ಖರ್ಜೂರದ ಬಣ್ಣ! ಕೊನೆಗೆ ಅವಳದೇ ಹಣ್ಣಿನ ಫೋಟೊ ತೋರಿಸಿ ದಾರಿಗೆ ತಂದೆ. ಅಕ್ಕ ಮಾತ್ರ ಎರಡೂ ಕೈಯಲ್ಲಿ ಹಣ್ಣು ಚಾಚಿ, ಟೂತ್‌ಪೇಸ್ಟ್ ಜಾಹೀರಾತಿನವಳ ಹಾಗೆ ನಗುತ್ತಿದ್ದಳು. ಕಳಿಸಿದೆ. ತಕ್ಷಣ ಫೋನ್ ಬಂತು.

"ಇಕಿ ಯಾರೋ ತಮ್ಮಾ? ನಾ ಯಾವಾಗ ಹಿಂಗ ಹಲ್ಲು ಕಿಸ್ದೀನಿ?"

ಸರಿಯೇ. ನಮ್ಮಕ್ಕ, ಹಣ್ಣು ಹಿಚುಕಿ ನೋಡುವ ಗಿರಾಕಿಯನ್ನು ಒಂದು ಹುಬ್ಬು ಏರಿಸಿಯೇ ನಿಲ್ಲಿಸುವವಳು. ಸಿಟ್ಟು ಬೇಕು ಎಂದೆ. ಕಣ್ಣಿನಿಂದ ಬೆಂಕಿ ಬಂತು. ಸ್ವಲ್ಪ ಸಿಟ್ಟು ಎಂದೆ, ಹಲ್ಲುನೋವಿನವಳಂತೆ ಕೂತಳು. ಬಂದ ರಾಶಿಯಲ್ಲಿ ತುಟಿ ಸರಿಯಿದ್ದ ಒಂದನ್ನು ಆರಿಸಿ, ಆ ಏರಿದ ಹುಬ್ಬನ್ನು ಫೋನಿನ ಮೇಲೆ ನಾನೇ ಬೆರಳಿನಿಂದ ಎಳೆದೆ. ಅಕ್ಕ ಬಂದಳು! ನಾನು ಕುಣಿಯುವುದೊಂದೇ ಬಾಕಿ. ಆದರೂ ಮೂಲೆಯಲ್ಲಿ ಸಹಿ ಹಾಕಲು ಕೈ ಬರಲಿಲ್ಲ. ಒಂದು ಹುಬ್ಬು ಎಳೆದು ಇಡೀ ಚಿತ್ರ ನನ್ನದು ಎನ್ನುವುದು ಹೇಗೆ? ನಿಜವಾಗಿಯೂ ಸಂಕಟವಾಯಿತು.

ಬ್ಯಾನರ್ ಪ್ರಿಂಟ್ ಹಾಕಿಸಿಕೊಂಡು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆ. ಹಳೆಯ ಚಾಳಿ, ಚೀಲದಲ್ಲಿ ಬ್ರಷ್ಷು, ಬಣ್ಣದ ಡಬ್ಬಿ ಇದ್ದೇ ಇದ್ದವು. ಅಂಗಡಿಯ ಮೇಲೆ ಕಟ್ಟಿ ಏಣಿ ಇಳಿಯುವಷ್ಟರಲ್ಲಿ ಬೈಕಿನವರೊಬ್ಬರು ನಿಂತು ಹಣ್ಣಿಗೆ ಕೈ ಹಾಕಿದರು. ಅಕ್ಕ ಒಳಗೆ ಗೊನೆ ಇಳಿಸುತ್ತಿದ್ದಳು. ಹೆಬ್ಬೆರಳು ಇನ್ನೇನು ಒತ್ತಬೇಕು, ಅವರ ಕಣ್ಣು ಮೇಲಿನ ಆ ಹುಬ್ಬಿನತ್ತ ಹೋಯಿತು. ಕೈ ಹಿಂದಕ್ಕೆ ಬಂತು.

"ಹಿಚುಕಿಲ್ರೀ ಅಕ್ಕಾರ," ಎಂದರು, ಬ್ಯಾನರಿಗೆ!

ಒಳಗಿದ್ದ ಅಕ್ಕ ಅದನ್ನು ಕೇಳಿ ಹೊರಗೆ ಬಂದಳು, ಅಷ್ಟೂ ಹಲ್ಲು ಕಿಸಿದು ನಗುತ್ತಾ. ನಾನು ಬಣ್ಣದ ಡಬ್ಬಿಯ ಮುಚ್ಚಳ ತೆಗೆದೆ.

"ಅಕ್ಕಾ, ಏಣಿ ಗಟ್ಟಿ ಹಿಡಿ," ಎಂದು ಬಲಗಡೆಯ ಮೂಲೆಗೆ ಹತ್ತಿದೆ.