ನಾನೇ ಚುಚ್ಚಿಕೊಂಡ ಪಿನ್

ಸೇವಾ ಕ್ಲಬ್ಬಿಗೆ ನಾನು ಸೇರಿದ್ದು ಸೇವೆಯ ಹುಚ್ಚಿನಿಂದಲ್ಲ. ಯಜಮಾನರು ತೀರಿಕೊಂಡ ಮೇಲೆ ವೈಟ್‌ಫೀಲ್ಡಿನ ಫ್ಲ್ಯಾಟಿನಲ್ಲಿ ದಿನವಿಡೀ ಮಾತಿಲ್ಲದೆ ಕೂತು ನನ್ನ ದನಿ ನನಗೇ ಮರೆತುಹೋಗುವಂತಾಗಿತ್ತು. ಹಾಲು ಬೇಕೆಂಬುದನ್ನೂ ಫೋನಿನಲ್ಲಿ ಒತ್ತಿ ತಿಳಿಸುವ ಕಾಲ. ಬ್ಯಾಂಕಿನಲ್ಲಿದ್ದಾಗಿನಿಂದಲೂ ನನ್ನದು ಜೋರು ಬಾಯಿ. ಬೈಯುವುದಕ್ಕಾದರೂ ಯಾರಾದರೂ ಬೇಕಲ್ಲ! ಲಿಫ್ಟಿನ ಪಕ್ಕ ಕ್ಲಬ್ಬಿನವರು ಅಂಟಿಸಿದ್ದ ಚೀಟಿ ನೋಡಿ ಹೋದೆ.

ಹೊಸ ಸದಸ್ಯರಿಗೆ ಪಿನ್ ತೊಡಿಸುವುದು ಅಲ್ಲಿನ ಪದ್ಧತಿ. ಪುಟ್ಟ ಹಿತ್ತಾಳೆ ಪಿನ್, ಅದರ ಮೇಲೊಂದು ಉರಿಯುವ ದೀಪ. ಗಂಡಸರಿಗೆ ಹೆಂಡತಿ, ಹೆಂಗಸರಿಗೆ ಗಂಡ ವೇದಿಕೆಗೆ ಬಂದು ತೊಡಿಸಬೇಕು. ನನ್ನ ಸರದಿ ಬಂದಾಗ ಅಧ್ಯಕ್ಷರು ಮೈಕಿನಲ್ಲಿ, "ಮೇಡಂ, ನಿಮ್ ಮನೆಯವ್ರು ಸ್ಟೇಜಿಗೆ ಬರ್ಬೇಕು, ಪ್ಲೀಸ್" ಎಂದರು. ಯಾರೋ ಅವರ ಕಿವಿಯಲ್ಲಿ ಪಿಸುಗುಟ್ಟಿದರು. ಅಧ್ಯಕ್ಷರ ಮುಖ ಪೆಚ್ಚಾಯಿತು. ಅವರು ಸಾರಿ ಹೇಳುವ ಮೊದಲೇ, "ನನಗೂ ಕೈ ಇದಾವಲ್ರೀ" ಎಂದು ಪಿನ್ ಕಿತ್ತುಕೊಂಡು, ತಲೆ ಬಗ್ಗಿಸಿ ಸೆರಗಿಗೆ ಚುಚ್ಚಿಕೊಂಡೆ. ಚಪ್ಪಾಳೆ ಜೋರಾಗಿಯೇ ಬಿತ್ತು. ಮನೆಗೆ ಬಂದು ಅತ್ತೆ.

ಆಮೇಲೆ ಪ್ರತಿ ಕಾರ್ಯಕ್ರಮಕ್ಕೂ ಹಾಗೆಯೇ ತಲೆ ಬಗ್ಗಿಸಿ ಚುಚ್ಚಿಕೊಂಡು ಹೋಗುತ್ತಿದ್ದೆ. ಕನ್ನಡಿ ಮುಂದೆ ನಿಲ್ಲುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಕೂಲಿಕಾರರಿಗೆ ಕನ್ನಡಕ ಕೊಡಿಸಲು ಅಪಾರ್ಟ್‌ಮೆಂಟುಗಳಲ್ಲಿ ಭಾನುವಾರ ತಿಂಡಿ ಮಾರಿದೆವು. ನಾನು ದಾವಣಗೆರೆಯವಳು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ನನ್ನ ಪಾಲಿಗೆ. ಎಣ್ಣೆ ಮುಂದೆ ಬೆವರಿಳಿಸುತ್ತಾ ಕ್ಲಬ್ಬಿನವರಿಗೆಲ್ಲ, "ಒಂದಿನ ಮನೆಗೆ ಬನ್ನಿ, ಬಿಸಿಬಿಸಿ ಮಾಡಿ ಹಾಕ್ತೀನಿ" ಎಂದೆ. "ಖಂಡಿತ ಬರ್ತೀವಿ ಮೇಡಂ, ಸಕ್ಕತ್ತಾಗಿದೆ" ಎಂದರು. ಒಬ್ಬರೂ ಬರಲಿಲ್ಲ. ಅವರಿಗೆಂದು ತಂದಿಟ್ಟ ಮೆಣಸಿನಕಾಯಿ ಫ್ರಿಜ್ಜಿನಲ್ಲಿ ಸುಕ್ಕಾಯಿತು. ನನಗೆ ಕೆಟ್ಟ ಸಿಟ್ಟು ಬಂದಿತ್ತು, ಸಿಟ್ಟಿಗಿಂತ ಹೆಚ್ಚು ಬೇಸರ.

ಕನ್ನಡಕ ಕೊಟ್ಟದ್ದು ದೊಡ್ಡನೆಕ್ಕುಂದಿಯ ಒಂದು ಛತ್ರದಲ್ಲಿ. ಡಾಕ್ಟರು ಕಣ್ಣು ನೋಡಿ ಬರೆದುಕೊಟ್ಟದ್ದನ್ನು ಹುಡುಕಿ ತೊಡಿಸಿ, ಹತ್ತಿರದ್ದು ಕಾಣುತ್ತದೆಯೇ ಎಂದು ಕೇಳುವುದು ನನ್ನ ಕೆಲಸ. ರಾಯಚೂರಿನ ಕಡೆಯ ಹೆಂಗಸೊಬ್ಬಳು ಬಂದಳು, ಗಾರ್ಮೆಂಟ್ಸಿನಲ್ಲಿ ದಾರ ಕತ್ತರಿಸುವ ಕೆಲಸದವಳು. ಅಕ್ಷರದ ಕಾರ್ಡು ಹಿಡಿದೆ.

"ನನಗ ಓದಾಕ ಬರಂಗಿಲ್ರೀ ಅಕ್ಕಾರ."

ಹಿಂದೆ ಉದ್ದ ಸಾಲು, ಸೆಕೆ ಬೇರೆ. "ಹಾಗಾದ್ರೆ ನನ್ನನ್ನೇ ನೋಡಮ್ಮ, ಕಾಣ್ತೀನಾ?" ಎಂದು ಸಿಡುಕಿದೆ.

ಅವಳು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿದಳು. "ದೀಪ ತಲಿಕೆಳಗ ಆಗೇತಲ್ರೀ" ಎಂದಳು.

ತಲೆ ಬಗ್ಗಿಸಿದೆ. ನನಗೆ ನೆಟ್ಟಗೇ ಕಂಡಿತು. ಆಗ ಹೊಳೆಯಿತು: ಮೇಲಿನಿಂದ ನೋಡಿ ಚುಚ್ಚಿಕೊಂಡರೆ ನನಗೆ ನೆಟ್ಟಗಿರುವುದು ಎದುರಿನವರಿಗೆ ತಲೆಕೆಳಗು. ಮೊದಲ ದಿನದಿಂದಲೂ ಹಾಗೆಯೇ ಇತ್ತು. ಎಷ್ಟು ಮೀಟಿಂಗು, ಹೆಗಲಿಗೆ ಹೆಗಲು ಕೊಟ್ಟು ನಿಂತ ಎಷ್ಟು ಫೋಟೊ! ಒಬ್ಬರಾದರೂ ನೋಡಿರಲಿಲ್ಲ.

"ತಡ್ರಿ, ಅಳ್ಳಾಡಬ್ಯಾಡ್ರಿ." ಸೀರೆ ಹರಿಯದಂತೆ ಸೆರಗಿನೊಳಗೆ ಒಂದು ಕೈಯಿಟ್ಟು, ಪಿನ್ ಬಿಚ್ಚಿ ತಿರುಗಿಸಿ ಚುಚ್ಚಿದಳು. "ಮನ್ಯಾಗ ಯಾರೂ ಹೇಳ್ಲಿಲ್ಲೇನ್ರೀ?"

"ಹೇಳೋರು ಯಾರೂ ಇಲ್ಲಮ್ಮ" ಎಂದೆ. ಅಷ್ಟು ಸಲೀಸಾಗಿ ಅದನ್ನು ಇನ್ಯಾರಿಗೂ ಹೇಳಿರಲಿಲ್ಲ. ಅವಳು ನನ್ನ ಸೆರಗನ್ನೊಮ್ಮೆ ಸವರಿ ಸರಿಮಾಡಿದಳು. ಅಷ್ಟರಲ್ಲಿ ಹಿಂದಿನವರು ತಳ್ಳಿದರು, ಅವಳು ಹೋದಳು. ಹೆಸರು ಕೇಳುವುದೂ ಆಗಲಿಲ್ಲ.

ಅಂದು ಮನೆಗೆ ಬಂದು ಸೀರೆ ಬದಲಿಸಿದೆ, ಪಿನ್ ಬಿಚ್ಚಲು ಮನಸ್ಸಾಗಲಿಲ್ಲ. ಹಾಗೆಯೇ ಮಡಿಸಿ ಬೀರುವಿನಲ್ಲಿಟ್ಟೆ. ಆಮೇಲಿನಿಂದ ಪಿನ್ ಇಲ್ಲದೆಯೇ ಹೋಗುತ್ತಿದ್ದೇನೆ. ಕ್ಲಬ್ಬಿನವರು, "ಮೇಡಂ, ಪಿನ್ ಎಲ್ಲಿ?" ಎಂದು ಇವತ್ತಿನವರೆಗೆ ಕೇಳಿಲ್ಲ. ಕೇಳಿದರೆ ಹೇಳಬೇಕೆಂದಿದ್ದೇನೆ, ನನಗೂ ಒಬ್ಬರು ಬಂದು ತೊಡಿಸಿದರು ಎಂದು.