ಬದುವಿಗೆ ಸರಿದ ಕಲ್ಲು

ಸುಳ್ಳ ಊರಿನ ನಮ್ಮ ಎರೆಮಣ್ಣಿನ ಹೊಲದಲ್ಲಿ ಹೊಸ ರಸ್ತೆ ಹಾಯುವುದಿತ್ತು. ಅದಕ್ಕೆ ಮುಂಚೆ, ನೆಲದಡಿ ಹಳೆಯ ಕಾಲದ್ದೇನಾದರೂ ಇದೆಯೇ ಎಂದು ನೋಡಲು ಉತ್ಖನನದವರು ಬಂದರು. ಯಂತ್ರ ಬೆರಳಗಲ ಮಣ್ಣು ಕೆರೆಯುವುದು, ಅವರ ಮೇಲಧಿಕಾರಿ ಹುಡುಗಿ ಬಗ್ಗಿ ನೋಡುವುದು, ಮತ್ತೆ ಕೆರೆಯುವುದು.

ನನ್ನ ತಮ್ಮ ಬದುವಿನ ಮೇಲಿನ ಕಲ್ಲಿಗೆ ಕಾವಲು ನಿಂತು ಆ ಹುಡುಗಿಗೆ ಹೇಳಿದ.

"ಇದರ ಕೆಳಗ ನಮ್ಮವ್ವ ಕುಂತಾಳ್ರಿ ಬಾಯಾರ. ಇಲ್ಲಿ ಮುಟ್ಟಬ್ಯಾಡ್ರಿ."

"ಆತು ಕಾಕಾ. ನಾವು ಹೊಲದ ನಡುವ ತಗೀತೇವಿ."

ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಕೊಡುತ್ತಾರೆ. ಅವ್ವ ಸತ್ತಾಗ ತಮ್ಮ ಎದೆಹಾಲಿನ ಕೂಸು. ಅವಳ ಮುಖ ಅವನಿಗೆ ಗೊತ್ತಿಲ್ಲ. ಆ ಕಲ್ಲೇ ಅವನ ಅವ್ವ. ಪ್ರತಿ ಎಳ್ಳಮಾವಾಸ್ಯೆಗೆ ಅದರ ಮುಂದೆ ಕಡುಬು ಇಟ್ಟ ಮೇಲೆಯೇ ಭೂಮಿತಾಯಿಗೆ ಎಡೆಯಾಗಿ ಹೊಲಕ್ಕೆ ಚರಗ ಚೆಲ್ಲುತ್ತಿದ್ದ.

ಕಲ್ಲನ್ನು ಅಲ್ಲಿಗೆ ಸರಿಸಿದವನು ನಾನು. ಅಪ್ಪ ಹಾಸಿಗೆ ಹಿಡಿದ ವರ್ಷ, ಮೆಟ್ರಿಕ್ ಮುಗಿಸಿ ಹೊಲಕ್ಕಿಳಿದೆ. ಬಾಡಿಗೆ ಟ್ರ್ಯಾಕ್ಟರಿಗೆ ಹೊಲದ ನಡುವಿನ ಕಲ್ಲು ಅಡ್ಡವಾಯಿತು. ಸರಪಳಿ ಬಿಗಿದು ಬದುವಿಗೆ ಎಳೆಸಿದೆ. ತಮ್ಮ ಆಗ ಇನ್ನೂ ಸಣ್ಣವ. ದೊಡ್ಡವನಾದ ಮೇಲೂ ಹೇಳಲಿಲ್ಲ. ಅವ್ವನ ತಲೆಯ ಮೇಲೆ ಜೋಳ ಬಿತ್ತಿದೆ, ಕಡಲೆ ಬಿತ್ತಿದೆ.

ಈಗ ಯಂತ್ರ ಹೊಲದ ನಡುವಿನ ಆ ಜಾಗಕ್ಕೇ ಹೋಯಿತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹಾರೆ ಎತ್ತಿಕೊಂಡೆ. ಯಂತ್ರದ ಗಾಜು ಒಡೆದೆ. ಚಾಲಕನನ್ನು ಅಂಗಿ ಹಿಡಿದು ಕೆಳಗೆಳೆದು ಬಾಯಿಗೆ ಗುದ್ದಿದೆ. ಅವನ ಹಲ್ಲು ನನ್ನ ಗೆಣ್ಣು ಸೀಳಿತು.

"ಮುದುಕಗ ತಲಿ ಕೆಟ್ಟೈತಿ, ಹಿಡೀರಲೇ!" ಎಂದು ಆಳುಗಳು ಚೀರಿದರು.

ತಮ್ಮ ಓಡಿಬಂದ. "ಅಣ್ಣಾ, ಹುಚ್ಚು ಹಿಡಿದೈತೇನು? ಅವ್ವ ಅಲ್ಲಿ ಬದುವಿನ್ಯಾಗ ಅದಾಳ. ಇಲ್ಲೇನೈತಿ ನಿಂದು? ಬಂಗಾರದ ಕೊಪ್ಪರಿಗಿ ಹುಗದೀಯೇನು?" ಎಂದು ಹಾರೆಗೆ ಕೈ ಹಾಕಿದ.

ಬೀಸಿದೆ. ಅವನ ಮುಂಗೈ ಎಲುಬು ಒಣ ದಂಟಿನಂತೆ ಲಟಕ್ಕೆಂದಿತು. ಅವನು ಯಂತ್ರ ಆಗಷ್ಟೇ ಕೆರೆದಿದ್ದ ಗುಂಡಿಯೊಳಗೆ ಬಿದ್ದ. ಅವನ ಮುಖದ ಪಕ್ಕದಲ್ಲೇ ಮಣ್ಣಿನಿಂದ ಒಂದು ತಲೆಬುರುಡೆಯ ನೆತ್ತಿ ಎದ್ದಿತ್ತು.

ಹುಡುಗಿ ಕುಂಚದಿಂದ ಸುತ್ತಲ ಮಣ್ಣು ಬಿಡಿಸಿದಳು. ಕೂತ ದೇಹ. ಕೈಯೆಲುಬುಗಳ ನಡುವೆ ಲಿಂಗ. "ಇದು ಹಳೇ ಕಾಲದ್ದಲ್ಲ," ಎಂದಳು. "ನಿಮ್ಮ ಮನಿಯವರ ಇರಬೇಕು."

ತಮ್ಮ ಬದುವಿನ ಕಲ್ಲು ನೋಡಿದ. ನನ್ನನ್ನು ನೋಡಿದ. "ಹಂಗಾರ ಇಷ್ಟು ವರ್ಷ ನಾ ಯಾರಿಗೆ ಕಡಬು ಇಟ್ಟೆ?"

ಆಗ ಹೇಳಿದೆ, ಎಲ್ಲರೆದುರಿಗೆ. ಹಾರೆ ಇನ್ನೂ ಕೈಯಲ್ಲೇ ಇತ್ತು.

ಅವ್ವನನ್ನು ಊರ ರುದ್ರಭೂಮಿಯಲ್ಲಿ ಮತ್ತೆ ಕೂಡಿಸಿದ ದಿನ, ಮುಷ್ಟಿ ತುಂಬ ಮಣ್ಣು ಹಿಡಿದು ಮುಂದೆ ಹೋದೆ. ತಮ್ಮ ಪ್ಲಾಸ್ಟರ್ ಹಾಕಿದ ಕೈಯನ್ನು ಅಡ್ಡ ಹಿಡಿದ. ದಾಟಬೇಕೆಂದರೆ ಆ ಕೈಯನ್ನೇ ತಳ್ಳಬೇಕಿತ್ತು. ಮಣ್ಣು ಅಲ್ಲೇ ಬಿಟ್ಟು ಹಿಂದೆ ಸರಿದೆ.