ಕತ್ತರಿ ಮನೆಗೆ ಹೋದ ಸಂಜೆ

ನನ್ನ ಗಂಡನ ಅಕ್ಕ, ಅಂದರೆ ನಮ್ಮ ಅತ್ತಿಗೆ, ಸಮವಸ್ತ್ರ ಹೊಲಿಯುವ ಸಣ್ಣ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುತ್ತಾರೆ. ಜೈಲಿನಿಂದ ಬಿಡುಗಡೆಯಾದ ಹೆಂಗಸರಿಗೆ ಕೆಲಸ ಹುಡುಕಿಕೊಡುವುದು ಯಾರೂ ಹೇಳದೆ ಅವರಿಗೆ ಅಂಟಿಕೊಂಡ ಚಾಳಿ. "ಕೆಲಸ ಕೊಡ್ಸೋದೇನು ಮಹಾ! ಉಳಿಸ್ಕೊಳ್ಳೋದ್ರಲ್ಲೇ ಇರೋದು ಎಲ್ಲಾ," ಅನ್ನುತ್ತಾರೆ.

ಈ ಸೋಮವಾರ ಅವರು ಕರೆತಂದವಳು ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಏಳು ವರ್ಷದ ಮಗಳು ತಂಗಿಯ ಮನೆಯಲ್ಲಿದ್ದಾಳೆ. ಒಂದೇ ಕಡೆ ಮೂರು ತಿಂಗಳು ನೆಟ್ಟಗೆ ದುಡಿದು ತೋರಿಸಿದರೆ ಮಾತ್ರ ಮಗುವನ್ನು ಕಳಿಸುತ್ತೇನೆ ಅಂದಿದ್ದಾಳಂತೆ ತಂಗಿ. ಹಿಂದಿನ ಎರಡು ಕೆಲಸಗಳು ಹದಿನೈದು ದಿನ ದಾಟಿರಲಿಲ್ಲ.

ಅದೇ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುವ ನನ್ನ ಪಕ್ಕದಲ್ಲೇ ಅವಳ ಮೆಷಿನ್ನು. ಬಟ್ಟೆಮೂಟೆಗಳ ನಡುವೆ ಮಲಗಿದ್ದ ನನ್ನ ಕೂಸನ್ನು ಅವಳು ಮುಟ್ಟಲಿಲ್ಲ. ನೊಣ ಬಂದಾಗಲೆಲ್ಲ ಓಡಿಸಿದಳು. ಕಾಲರ್ ಹೊಲಿದರೆ ಗೆರೆ ಎಳೆದ ಹಾಗೆ.

ಐದಕ್ಕೆ ಗಂಟೆ ಬಾರಿಸಿದ್ದೇ ತಡ, ಎದ್ದು ಎಲ್ಲರ ಮುಂದಿದ್ದ ಕತ್ತರಿಗಳನ್ನು ಒಟ್ಟುಮಾಡಿ, ಬಾಗಿಲ ಹತ್ತಿರ ಯಜಮಾನರ ಮುಂದೆ ಹಿಡಿದು ನಿಂತಳು. "ಹನ್ನೊಂದಿದೆ ಸರ್."

ಗುಂಡಿ ತೂರಿಸುವ ಕಾಜಾ ಹೊಲಿಯುವ, ನಾವೆಲ್ಲ ದೊಡ್ಡಮ್ಮ ಅನ್ನುವ ಹಿರಿಯಾಕೆಗೆ ಉರಿದುಹೋಯಿತು. "ನಾವೇನು ಕತ್ತರಿ ಕದಿಯೋರೇನೇ? ಜೈಲಿಂದ ಬಂದೋಳು ನಮ್ಮನ್ನ ಎಣಿಸ್ತೀಯಾ?"

ಮಂಗಳವಾರವೂ ಅದೇ ಆಯಿತು. ಬುಧವಾರ ಯಜಮಾನರು ಅತ್ತಿಗೆಯನ್ನು ಕರೆದರು. "ಕೆಲಸ ಚೆನ್ನಾಗೇ ಮಾಡ್ತಾಳಮ್ಮ. ಆದ್ರೆ ದಿನಾ ಸಂಜೆ ಜಗಳ ಬಿಡಿಸೋಕೆ ನನ್ ಕೈಲಾಗಲ್ಲ. ಇವತ್ತೂ ಹೀಗೇ ಆದ್ರೆ ನಾಳೆಯಿಂದ ಬೇಡ."

ಊಟದ ಹೊತ್ತಿಗೆ ಯಾಕೆ ಹೀಗೆ ಮಾಡ್ತೀಯ ಅಂತ ಅತ್ತಿಗೆ ಅವಳನ್ನೇ ಕೇಳಿದರು. ಅವಳು ತಲೆ ತಗ್ಗಿಸಿದಳು. "ಜೈಲಲ್ಲಿ ಒಂದು ಕತ್ತರಿ ಕಮ್ಮಿಯಾದ್ರೂ ಯಾರನ್ನೂ ಹೊಲಿಗೆ ಕೋಣೆಯಿಂದ ಬಿಡ್ತಿರ್ಲಿಲ್ಲ ಅಕ್ಕ. ಐದು ವರ್ಷ ಎಣಿಸಿ ಕೊಟ್ಟಿದ್ದೀನಿ. ಗಂಟೆ ಕೇಳಿದ್ರೆ ಕೈ ತಾನಾಗೇ ಹೋಗುತ್ತೆ."

ಐದಕ್ಕೆ ಐದು ನಿಮಿಷ ಇರುವಾಗ ಅತ್ತಿಗೆ ಬಂದು ತಮ್ಮ ಸ್ವಂತದ ದೊಡ್ಡ ಕತ್ತರಿಯನ್ನು ಅವಳ ಚೀಲಕ್ಕೆ ಹಾಕಿದರು. "ಇದು ಇವತ್ತು ನಿನ್ನ ಮನೇಲಿರ್ಲಿ. ಬೆಳಿಗ್ಗೆ ತಗೊಂಡು ಬಾ. ಬರಲಿಲ್ಲ ಅಂದ್ರೆ ನಾನು ಬಟ್ಟೆನ ಹಲ್ಲಲ್ಲಿ ಹರೀಬೇಕಾಗುತ್ತೆ, ನೋಡ್ಕೋ."

"ಹೊರಗೆ ತಗೊಂಡು ಹೋಗ್ಬಹುದಾ?"

"ಮತ್ತೆ, ಅದೇನು ತಾನಾಗೇ ನಡ್ಕೊಂಡು ಹೋಗುತ್ತಾ?"

ಗಂಟೆ ಬಾರಿಸಿತು. ನನ್ನ ಕತ್ತರಿಯ ಕಡೆ ಚಾಚಿದ ಅವಳ ಕೈ ಅರ್ಧಕ್ಕೇ ನಿಂತು, ಹಿಂದೆ ಸರಿದು, ಚೀಲವನ್ನು ಅವುಚಿಕೊಂಡಿತು. ಬಾಗಿಲು ದಾಟುವಾಗ ಮುಖವೆಲ್ಲ ಬೆವರು. ಯಾರೂ ತಡೆಯಲಿಲ್ಲ.

ಗುರುವಾರ ನಾನು ಹೋದಾಗ ಬೀಗ ಇನ್ನೂ ತೆಗೆದಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕುಳಿತಿದ್ದಳು, ಟವೆಲಿನಲ್ಲಿ ಸುತ್ತಿದ ಕತ್ತರಿ ಮಡಿಲಲ್ಲಿ. ತಿರುಪಿಗೆ ಎಣ್ಣೆ ಬಿಟ್ಟು ತಂದಿದ್ದಳು.

ಅವತ್ತು ಸಂಜೆ ಗಂಟೆಯಾದರೂ ಅವಳು ಏಳಲಿಲ್ಲ. ದೊಡ್ಡಮ್ಮನೇ ಬಂದು ತಮ್ಮ ಕತ್ತರಿ ಚಾಚಿದರು. "ಏನೇ, ಇವತ್ತು ನಂದು ಎಣಿಸಲ್ವಾ?"

"ನಿಮ್ದು ಲೆಕ್ಕಕ್ಕೇ ಬರಲ್ಲ ದೊಡ್ಡಮ್ಮ. ಪೂರ್ತಿ ಮೊಂಡು."

ಎಲ್ಲರಿಗಿಂತ ಜೋರಾಗಿ ನಕ್ಕವರು ದೊಡ್ಡಮ್ಮನೇ. ಯಜಮಾನರು ದೀಪ ಆರಿಸುತ್ತಾ, "ನಾಳೆ ಕಾಲರ್ ಅರ್ಜೆಂಟಿದೆ, ಬೇಗ ಬಾಮ್ಮ," ಎಂದು ಅವಳಿಗೇ ಹೇಳಿದರು.

ನಾನು ಖುಷಿಯಿಂದ ಅತ್ತಿಗೆಯ ಮುಖ ನೋಡಿದೆ.

"ಈಗಲೇ ಹಲ್ಲು ಕಿರೀಬೇಡ," ಎಂದರು ಅವರು, ಕೂಸನ್ನು ನನ್ನ ಸೊಂಟಕ್ಕೆ ಏರಿಸುತ್ತಾ. "ಮೂರು ತಿಂಗಳಲ್ಲಿ ನಾಲ್ಕೇ ದಿನ ಆಗಿರೋದು. ನಾಳೆ ಅವಳಿಗೂ ಒಂದು ಡಬ್ಬಿ ಕಟ್ಕೊಂಡು ಬಾ. ಮಧ್ಯಾಹ್ನ ಬರೀ ನೀರು ಕುಡ್ಕೊಂಡು ಕೂತಿರ್ತಾಳೆ."